ಹಳೆ ಗೋದಾಮಿನಿಂದ ದೇವಾಲಯ: ಹಣ ಕೂಡಿಸಿದ ಕ್ರಮ

ಹಂಚಿನ ಮಾಡಿನ ಹಳೆ ಗೋದಾಮನ್ನು ಕೊಂಡು ದೇವಾಲಯ (ಚರ್ಚ್) ಮಾಡಿಕೊಳ್ಳಲು ಹೊರಟ ಕ್ರೈಸ್ತ ಸಭೆಗೆ ಮೊದಲು ಎದುರಾಗುವ ತೊಡಕು ಹಣದ ಕೊರತೆಯಲ್ಲ. ಜನ ಕೊಡುವ ಕ್ರಮ ಒಂದು, ಕಟ್ಟಡ ಕೇಳುವ ಕ್ರಮ ಇನ್ನೊಂದು. ಬೋಧನೆಗೆ ನಿಲ್ಲುವ ಪ್ರಸಂಗಪೀಠಕ್ಕೆ, ಗಂಟೆಗೆ, ಬೆಂಚಿಗೆ ದಾನಿಗಳು ತಾವಾಗಿ ಮುಂದೆ ಬರುತ್ತಾರೆ. ಗೆದ್ದಲಿನ ಔಷಧಿಗೆ, ಅರ್ಥಿಂಗ್ ಗುಂಡಿಗೆ, ಶೌಚಾಲಯದ ಪಿಟ್ಟಿಗೆ ಯಾರೂ ಬರುವುದಿಲ್ಲ. ಕಟ್ಟಡಕ್ಕೆ ಮೊದಲು ಬೇಕಾದದ್ದೋ ಇವೇ. ಕರಾವಳಿಯ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕಟ್ಟಡ ಸಮಿತಿಯಲ್ಲಿ ಲೆಕ್ಕ ನೋಡಿಕೊಂಡವನು ನಾನು. ಈ ಎರಡು ಕ್ರಮಗಳನ್ನು ನಾವು ಹೊಂದಿಸಿದ ಬಗೆಯನ್ನು ಬರೆಯುತ್ತಿದ್ದೇನೆ.

ಒಂದು ರೂಪಾಯಿ ಎತ್ತುವ ಮುಂಚೆ ಆಸ್ತಿ ಯಾರ ಹೆಸರಿಗೆ ಎಂಬುದು ಇತ್ಯರ್ಥವಾಗಬೇಕು. ಸಿಎಸ್‌ಐ ಸಭೆಗಳ ಸ್ಥಿರಾಸ್ತಿ ಚರ್ಚ್ ಆಫ್ ಸೌತ್ ಇಂಡಿಯಾ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ. ಸಭಾಪಾಲಕರ (ಪಾದ್ರಿಗಳ) ಹೆಸರಿಗಾಗಲಿ ಹಿರಿಯರೊಬ್ಬರ ಹೆಸರಿಗಾಗಲಿ ಬರೆಸುವಂತಿಲ್ಲ. ಹಾಗಾಗಿ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ನಿರ್ಣಯ, ಸಭೆಯ ಸಾಮಾನ್ಯ ಕೂಟದ ಒಪ್ಪಿಗೆ, ಬಿಷಪ್ಪರ ಆಡಳಿತ ಪ್ರಾಂತವಾದ ಡಯಾಸಿಸ್ಸಿನ ಒಪ್ಪಿಗೆ, ಆಮೇಲೆ ಕರಾರು. ಸ್ವತಂತ್ರ ಸಭೆಯಾದರೆ ಮೊದಲು ಟ್ರಸ್ಟ್ ಅಥವಾ ಸಂಘವಾಗಿ ನೋಂದಾಯಿಸಿ, ಆ ಹೆಸರಿಗೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಬೇಕು. ಮೂಲಪತ್ರಗಳು, ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ), ಖಾತೆ, ಪಂಚಾಯತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇಷ್ಟನ್ನೂ ವಕೀಲರಿಗೆ ತೋರಿಸಬೇಕು. ಗೋದಾಮಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಆರಾಧನೆಗೆ ಇದ್ದಂತಲ್ಲ; ಬಳಕೆ ಬದಲಾವಣೆಗೆ ಸ್ಥಳೀಯ ಸಂಸ್ಥೆಯ ಅನುಮತಿ ಬೇರೆಯೇ ಬೇಕು. ಇದಾಗುವ ಮುಂಚೆ ಕಾಣಿಕೆ ಎತ್ತಿದರೆ, ವ್ಯವಹಾರ ಮುರಿದಾಗ ಯಾರ ಹಣ ಯಾರಿಗೆ ವಾಪಸು ಎಂಬ ಜಗಳ ವರ್ಷಗಟ್ಟಲೆ ಎಳೆಯುತ್ತದೆ.

ಆಮೇಲೆ ಅಂದಾಜು. ನಮ್ಮ ಕಟ್ಟಡ 60 ಅಡಿ ಉದ್ದ, 30 ಅಡಿ ಅಗಲ, ಕೆಂಪುಕಲ್ಲಿನ ಗೋಡೆ. ಮಾಡಿನ ಇಳಿಜಾರು 30 ಡಿಗ್ರಿ. ಪಕ್ಕಗಳಲ್ಲಿ ಮೂರು ಮೂರು ಅಡಿ, ಮುಂದೆ ಹಿಂದೆ ಎರಡೆರಡು ಅಡಿ ಚಾಚಿದರೆ ಒಂದು ಇಳಿಜಾರಿನ ಉದ್ದ 20.8 ಅಡಿ, ಎರಡೂ ಸೇರಿ ಮಾಡಿನ ವಿಸ್ತೀರ್ಣ ಸುಮಾರು 2,660 ಚದರಡಿ, ಅಂದರೆ 247 ಚದರ ಮೀಟರ್. ಮಂಗಳೂರು ಹಂಚು ಚದರ ಮೀಟರಿಗೆ 15 ಹಿಡಿಯುತ್ತದೆ. ಲೆಕ್ಕಕ್ಕೆ 3,700, ಒಡೆಯುವುದಕ್ಕೆಂದು ನೂರಕ್ಕೆ ಐದು ಸೇರಿಸಿ 3,900. ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಹನ್ನೆರಡೂವರೆ ಇಂಚಿಗೊಂದರಂತೆ ಒಂದು ಬದಿಗೆ 21 ಸಾಲು. ಎರಡೂ ಬದಿಗೆ 2,700 ಅಡಿಯಷ್ಟು, ತುಂಡು ಹೋಗುವುದು ಬೇರೆ. ಹೀಗೆ ಎಣಿಸಿದ ಅಂದಾಜಿನ ಮೇಲೆ ನೂರಕ್ಕೆ ಹದಿನೈದು ಸೇರಿಸಿಯೇ ಜನರ ಮುಂದೆ ಇಡಬೇಕು. ಹಳೆ ಕಟ್ಟಡದಲ್ಲಿ ಗಾರೆ ಕೆರೆದ ಮೇಲೆಯೇ ಗೋಡೆಯ ನಿಜ ಸ್ಥಿತಿ ಕಾಣುವುದು. ಎರಡನೇ ಸಲ ‘ಅಂದಾಜು ಏರಿದೆ’ ಎಂದು ಹೇಳಲು ಹೋದರೆ ಕೊಡುವವರ ಕೈ ಬಿಗಿಯಾಗುತ್ತದೆ.

ಹಂಚು ತೆಗೆದು ತಗಡು ಹೊದೆಸಿದರೆ ಅಗ್ಗ ಎಂಬ ಸಲಹೆ ಎಲ್ಲ ಸಮಿತಿಗಳಲ್ಲೂ ಬರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ, ತಗಡಿನ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಸಂಗ ಕೇಳಿಸುವುದಿಲ್ಲ. ಸೌಂಡ್ ಸಿಸ್ಟಮ್ ಜೋರು ಮಾಡಿದರೆ ನೆರೆಮನೆಯವರ ದೂರು ಬರುತ್ತದೆ. ಸದ್ದು ತಡೆಯುವ ಸೀಲಿಂಗ್ ಸೇರಿಸಿದರೆ ಉಳಿತಾಯ ಅಲ್ಲಿಗೇ ಮುಗಿಯಿತು. ಇನ್ನು ಹಳೆ ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಕಡೆ ಅನೇಕ ಕಾರ್ಖಾನೆಗಳು ಎದ್ದವು, ಒಂದೊಂದರ ಅಚ್ಚೂ ಒಂದೊಂದು ರೀತಿ. ಬೇರೆ ಬೇರೆ ಅಚ್ಚಿನ ಹಂಚುಗಳ ಕಚ್ಚು ಒಂದಕ್ಕೊಂದು ಕೂರುವುದಿಲ್ಲ. ಬೆರೆಸಿ ಹೊದೆಸಿದರೆ ಗಾಳಿಮಳೆಗೆ ನೀರು ಒಳಗೆ. ತಟ್ಟಿದರೆ ಠಣ್ಣೆನ್ನುವ ಹಳೆ ಹಂಚನ್ನೆಲ್ಲ ಪಾಚಿ ಉಜ್ಜಿ ಒಂದೇ ಬದಿಗೆ ಹಾಕಿ, ಇನ್ನೊಂದು ಬದಿಗೆ ಪೂರ್ತಿ ಹೊಸದು ಹಾಕುವುದು ಸರಿ. ಮಂದ ಸದ್ದು ಬಂದರೆ ಬಿರುಕು ಇದೆ ಎಂದರ್ಥ, ಅದನ್ನು ಅಂಗಳಕ್ಕೆ ಬಳಸಿ.

ಗೋದಾಮುಗಳಲ್ಲಿ ಇನ್ನೊಂದು ಗುಟ್ಟಿನ ದೋಷ ಇರುತ್ತದೆ. ಮೂಟೆ ಎತ್ತರಕ್ಕೆ ಒಟ್ಟಲು ಅಡ್ಡಿ ಎಂದು ಗೋಡೆಯಿಂದ ಗೋಡೆಗೆ ಹೋಗುವ ಅಡ್ಡತೊಲೆಗಳನ್ನು ಹಿಂದೆ ಯಾರೋ ಕತ್ತರಿಸಿರುತ್ತಾರೆ. ಒಣ ಹಂಚಿನ ಭಾರವೇ ಸುಮಾರು ಹತ್ತು ಟನ್. ಅಡ್ಡಕ್ಕೆ ಹಿಡಿದಿಡುವ ತೊಲೆಯಿಲ್ಲದ ಪಕ್ಕಾಸುಗಳು (ಮಾಡಿನ ಇಳಿಜಾರಿನ ಮರಗಳು) ಗೋಡೆಯ ತಲೆಯನ್ನು ಹೊರಕ್ಕೆ ದೂಡುತ್ತವೆ. ಗೋಡೆಗೆ ತೂಗುಗುಂಡು ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಇಂಜಿನಿಯರ್ ಹೇಳಿದಂತೆ ಉಕ್ಕಿನ ಸರಳು, ಬಿಗಿಸುವ ತಿರುಪು ಹಾಕಿಸುವ ಮೊದಲು ಹೊಸ ಹಂಚು ಏರಿಸಬಾರದು. ಗೋಡೆಯ ಗಾರೆಗೆ ಸಿಮೆಂಟು ಬೇಡ. ಕೆಂಪುಕಲ್ಲು ಹೀರಿದ ತೇವ ಸಿಮೆಂಟಿನ ಹಿಂದೆ ಸಿಕ್ಕಿಬಿದ್ದು, ಉಪ್ಪು ಹೊರಬಂದು, ಎರಡು ಮಳೆಗಾಲದಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ. ಸುಣ್ಣದ ಗಾರೆಗೆ ಕೂಲಿ ಹೆಚ್ಚು, ಆದರೆ ಒಂದೇ ಸಲದ ಖರ್ಚು.

ಈಗ ಹಣ. ಸಲಕರಣೆ ಒಟ್ಟುಮಾಡುವುದು, ಮಾಡು, ಗೋಡೆ, ಗೆದ್ದಲಿನ ಔಷಧಿ, ಅರ್ಥಿಂಗ್, ಶೌಚಾಲಯ ಎಲ್ಲ ಸೇರಿ ಮೊದಲ ಹಂತ ಹತ್ತೊಂಬತ್ತೂವರೆ ಲಕ್ಷ. ಅದನ್ನು 3,900 ಹಂಚಿಗೆ ಭಾಗಿಸಿದರೆ ಹಂಚಿಗೆ 500 ರೂಪಾಯಿ. ನಾವು ಜನರ ಮುಂದೆ ಇಟ್ಟದ್ದು ಈ ಒಂದೇ ಬೆಲೆ. ಯಾರೂ ದುಡ್ಡು ಕೊಡದ ಕೆಲಸಗಳೆಲ್ಲ ಆ ಹಂಚಿನ ಅಡಿಯಲ್ಲಿ ಸೇರಿಕೊಂಡವು. ಆದರೆ ‘ಅಂಗಡಿಯಲ್ಲಿ ಹಂಚಿಗೆ ಇಷ್ಟಿಲ್ಲವಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ವಾಗ್ದಾನದ ಕಾರ್ಡಿನ ಮೇಲೆಯೇ ‘ಒಂದು ಹಂಚು ಎಂದರೆ ಹಂಚು, ರೀಪು, ಪಕ್ಕಾಸು, ಗೋಡೆ, ಅರ್ಥಿಂಗ್, ಕೂಲಿಯ ಪಾಲು’ ಎಂದು ಅಚ್ಚು ಹಾಕಿಸಬೇಕು. ಪ್ರಸಂಗಪೀಠ, ಬೆಂಚು, ಗಂಟೆಯ ಪಟ್ಟಿಯನ್ನು ಮೊದಲ ಹಂತ ಮುಗಿಯುವವರೆಗೆ ಹೊರಗೆ ಬಿಡಲೇಬೇಡಿ. ಬಿಟ್ಟರೆ ಎರಡೇ ವಾರದಲ್ಲಿ ಅದು ತುಂಬುತ್ತದೆ, ಮಾಡಿನ ಪಟ್ಟಿ ಖಾಲಿ ಉಳಿಯುತ್ತದೆ.

ತೊಂಬತ್ತು ಮನೆಗಳಿಗೆ ಸಮನಾಗಿ ಹಂಚಿದರೆ ಮನೆಗೆ ಇಪ್ಪತ್ತೊಂದು ಸಾವಿರ ಚಿಲ್ಲರೆ. ಕೇಳಲು ನ್ಯಾಯ ಎನಿಸುತ್ತದೆ, ನಡೆಯುವುದಿಲ್ಲ. ಬೀಡಿ ಕಟ್ಟುವ ಮನೆಗೆ ಅದು ಹೊರೆ, ಗಲ್ಫಿನಲ್ಲಿ ಮಗನಿರುವ ಮನೆಗೆ ಅದೊಂದು ನೆಪ: ‘ನಮ್ಮ ಪಾಲು ಕೊಟ್ಟಾಯಿತು.’ ನಾವು ಬರೆದುಕೊಂಡ ಲೆಕ್ಕ ಹೀಗೆ: ನೂರು ಹಂಚಿನ ಬೆಲೆ ಕೊಡುವ ಮನೆಗಳು ಹತ್ತು, ಐವತ್ತು ಹಂಚಿನವು ಇಪ್ಪತ್ತನಾಲ್ಕು, ಇಪ್ಪತ್ತು ಹಂಚಿನವು ನಲವತ್ತು. ಒಟ್ಟು ಹದಿನೈದು ಲಕ್ಷ. ಉಳಿದ ಹದಿನಾರು ಮನೆಗಳಿಗೆ ಮೊತ್ತ ಹೇಳಬಾರದು, ಅವರು ಕೊಟ್ಟದ್ದು ಕೊಟ್ಟಂತೆ. ಇಪ್ಪತ್ತು ಹಂಚು ಎಂದರೆ ತಿಂಗಳಿಗೆ 500ರಂತೆ ಇಪ್ಪತ್ತು ತಿಂಗಳು. ಕಾರ್ಡಿನಲ್ಲಿ ಇಪ್ಪತ್ತು ಚೌಕ, ಕೊಟ್ಟ ಹಾಗೆ ಸಹಿ. ನೂರು ಹಂಚಿನ ಹತ್ತು ಮನೆಗಳಿಗೆ ಮೊದಲು ಹೋಗಬೇಕು, ಸಭಾಪಾಲಕರ ಜತೆ ಒಬ್ಬ ಹಿರಿಯರು ಮಾತ್ರ. ನಾಲ್ಕು ಜನ ಹೋದರೆ ಒತ್ತಾಯದಂತೆ ಕಾಣುತ್ತದೆ. ಈ ಹತ್ತರಲ್ಲಿ ಆರು ಮನೆಗಳು ಒಪ್ಪುವ ಮುಂಚೆ ಆರಾಧನೆಯಲ್ಲಿ ಪ್ರಕಟಣೆ ಮಾಡಬೇಡಿ.

ವಾಗ್ದಾನ ಹಣವಲ್ಲ. ಕೆಲಸ ಹೋಗುತ್ತದೆ, ಕಾಯಿಲೆ ಬರುತ್ತದೆ, ಮಗಳ ಮದುವೆ ಬರುತ್ತದೆ. ಕಾಗದದ ಮೇಲಿನ ಹದಿನೈದು ಲಕ್ಷವನ್ನು ನೂರಕ್ಕೆ ಎಪ್ಪತ್ತರಂತೆ ಹತ್ತೂವರೆ ಲಕ್ಷ ಎಂದೇ ಎಣಿಸಬೇಕು. ಮಿಕ್ಕ ಒಂಬತ್ತು ಲಕ್ಷಕ್ಕೆ ಬೇರೆ ದಾರಿಗಳು ಬೇಕು.

ಅದರಲ್ಲಿ ಬೆಳೆಹಬ್ಬದ ಏಲಂ (ಹರಾಜು) ಮುಖ್ಯ. ತೆಂಗಿನಕಾಯಿ, ಬೂದುಗುಂಬಳ, ಬಾಳೆಗೊನೆ, ದೀವಿಹಲಸು, ಊರಕೋಳಿ, ಮನೆಯ ಕೇಕು. ವಸ್ತು ಯಾವುದಾದರೂ ಸರಿ, ಏಲಂ ನಡೆಸುವ ಸಮಯ ಮುಖ್ಯ. ಆರಾಧನೆ ಮುಗಿದು ಊಟಕ್ಕೆ ಕೂರುವ ಮುಂಚೆ ನಡೆಯಬೇಕು, ಊಟವಾದ ಮೇಲೆ ಅರ್ಧ ಜನ ಇರುವುದಿಲ್ಲ. ಮಕ್ಕಳು ಕೂಗಬಹುದಾದ ಸಣ್ಣ ವಸ್ತುಗಳು ಮೊದಲು, ದೊಡ್ಡ ಗೊನೆ ನಡುವಿನಲ್ಲಿ. ಕೊಂಡವರು ಅದನ್ನೇ ಮತ್ತೆ ಏಲಂಗೆ ಬಿಡುವ ರೂಢಿ ಇದೆ. ಒಂದೇ ಕುಂಬಳ ಮೂರು ಸಲ ಮಾರಾಟವಾದರೆ ಮೂರು ಪ್ರತ್ಯೇಕ ಚೀಟಿ ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಏಲಂನ ದೊಡ್ಡ ರೋಗ ಬಾಕಿ. ಕೂಗುವವರು ಒಬ್ಬರು, ಬರೆಯುವವರು ಇಬ್ಬರು, ಹಣ ಪಡೆಯುವ ಮೇಜು ಬಾಗಿಲ ಬಳಿ. ಮೇಜಿನ ಮೇಲೆ ಕಟ್ಟಡ ಖಾತೆಯದೇ ಕ್ಯೂಆರ್ ಕೋಡ್ ಇರಬೇಕು, ಖಜಾಂಚಿಯ ಸ್ವಂತ ಖಾತೆಯದು ಖಂಡಿತ ಬೇಡ. ಟಿಕೆಟ್ ಮಾರಿ ಬಹುಮಾನ ಎತ್ತುವ ಲಕ್ಕಿ ಡಿಪ್ ಸುಲಭ ಎನಿಸಿದರೂ ಕಾನೂನಿನ ಕಣ್ಣಿಗೆ ಅದು ಲಾಟರಿ, ಅತ್ತ ಹೋಗಬೇಡಿ. ತಿಂಡಿ ಮಳಿಗೆಯಿಂದ ಒಗ್ಗಟ್ಟು ಬರುತ್ತದೆ, ಹಣ ಅಷ್ಟಾಗಿ ಬರದು. ಸ್ತ್ರೀಯರ ಸಂಘದವರ ಎರಡು ದಿನದ ದುಡಿಮೆಗೆ ಬೆಲೆ ಕಟ್ಟಿದರೆ ನಷ್ಟವೇ. ಅದಕ್ಕಿಂತ ದಿನಾ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಡುವ ಕ್ರಮ ಮೇಲು. ಮಿಜೋರಾಮಿನ ಸಭೆಗಳು ಅದನ್ನೇ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿವೆ.

ಊರು ಬಿಟ್ಟವರ ಹಣದಲ್ಲಿ ಎಚ್ಚರ ಬೇಕು. ದುಬೈ, ಕುವೈತ್‌ಗಳಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅದೇ ಮನೆಯ ಅಣ್ಣ ಕೆನಡಾದ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡು ಇದ್ದರೂ, ಅವರ ಹಣ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಭೆ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆಗೆ ತರಿಸಿ ಅಲ್ಲಿಂದ ವರ್ಗಾಯಿಸಿಕೊಳ್ಳುವ ಹಳೆ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ. ಆದ್ದರಿಂದ ಹೊರದೇಶದ ಪ್ರತಿ ದಾನಿಯಿಂದ ಪೌರತ್ವದ ಬಗ್ಗೆ ಒಂದು ಸಾಲಿನ ಬರಹ ಪಡೆದು ಫೈಲಿನಲ್ಲಿಡಿ. ಕೇಳಲು ಮುಜುಗರ, ಆದರೂ ಕೇಳಿ.

ತೆರಿಗೆ ವಿನಾಯಿತಿಯ ಆಸೆ ತೋರಿಸಬೇಡಿ. ಕೇಂದ್ರ ಸರ್ಕಾರ ಅಧಿಸೂಚಿಸಿದ ಐತಿಹಾಸಿಕ ಅಥವಾ ಹೆಸರಾಂತ ಆರಾಧನಾ ಸ್ಥಳಗಳ ಜೀರ್ಣೋದ್ಧಾರಕ್ಕೆ ಕೊಟ್ಟ ಹಣಕ್ಕೆ ಆ ವಿನಾಯಿತಿ ಇದೆ. ಊರ ಸಭೆಯ ಹೊಸ ಮನೆಗೆ ಅನ್ವಯಿಸದು. ಒಬ್ಬರಿಂದ ಒಂದು ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಸದಸ್ಯರಿಂದ ಕೈಸಾಲ ಪಡೆದರೆ 20,000 ಮುಟ್ಟಿದ ಮೇಲೆ ಕೊಡುವುದೂ ತೀರಿಸುವುದೂ ಬ್ಯಾಂಕಿನ ಮೂಲಕವೇ ಆಗಬೇಕು. ಬಡ್ಡಿಯ ಮಾತು ಬೇಡ. ಗುತ್ತಿಗೆದಾರರಿಗೆ ಒಂದು ಬಿಲ್ಲಿಗೆ 30,000 ಅಥವಾ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕು: ವ್ಯಕ್ತಿಗೆ ನೂರಕ್ಕೆ ಒಂದು, ಕಂಪನಿ ಅಥವಾ ಪಾಲುದಾರಿಕೆಗೆ ಎರಡು. ಅದಕ್ಕೆ ತೆರಿಗೆ ಮುರಿಯುವವರ ಗುರುತಾದ ಟ್ಯಾನ್ ಸಂಖ್ಯೆಯನ್ನು ಮೊದಲೇ ಮಾಡಿಸಿಕೊಳ್ಳಬೇಕು, ಬಹಳ ಸಭೆಗಳಿಗೆ ಇದು ಆಡಿಟ್ ವೇಳೆಗೆ ಗೊತ್ತಾಗುತ್ತದೆ. ನೋಂದಾಯಿತ ಗುತ್ತಿಗೆದಾರರ ಬಿಲ್ಲಿಗೆ ನೂರಕ್ಕೆ 18 ಜಿಎಸ್‌ಟಿ, ಸಭೆಗೆ ಅದರ ಕ್ರೆಡಿಟ್ ಸಿಗದು. ಅಂದಾಜಿನಲ್ಲಿ ಮೊದಲೇ ಸೇರಿಸಿ.

ಕಾಣಿಕೆ ಎಣಿಸುವವರು ಇಬ್ಬರು, ಒಂದೇ ಮನೆಯವರಾಗಿರಬಾರದು. ನೋಟಿನ ಮುಖಬೆಲೆವಾರು ಹಾಳೆ ಬರೆದು ಇಬ್ಬರ ಸಹಿ, ಸೋಮವಾರ ಬ್ಯಾಂಕಿಗೆ. ಬೋರ್ಡಿನ ಮೇಲೆ ಪ್ರತಿ ತಿಂಗಳು ನಾಲ್ಕೇ ಅಂಕಿ: ಬಂದ ವಾಗ್ದಾನ, ಕೈಗೆ ಬಂದದ್ದು, ಖರ್ಚಾದದ್ದು, ಉಳಿದದ್ದು. ದಾನಿಗಳ ಹೆಸರನ್ನು ಮೊತ್ತವಿಲ್ಲದೆ ಅಕ್ಷರಾನುಕ್ರಮದಲ್ಲಿ ಹಾಕಬೇಕು. ಗ್ರಾನೈಟ್ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಪ್ರಶ್ನೆಯನ್ನು ಮೊದಲ ಕೂಟದಲ್ಲೇ ತೀರ್ಮಾನಿಸಿ ಬರೆದಿಡಿ, ಆಮೇಲೆ ತೀರ್ಮಾನವೆಂಬುದೇ ಆಗದು.

ವಸ್ತುರೂಪದ ದಾನವನ್ನು ಕಣ್ಣು ಮುಚ್ಚಿ ಒಪ್ಪಬಾರದು. ಹಿತ್ತಲ ಹಲಸಿನ ಮರ ಕೊಡುತ್ತೇವೆ ಎನ್ನುವವರಿರುತ್ತಾರೆ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ವಿಚಾರಿಸಬೇಕು. ಕೊಯ್ಯಿಸಿದ ಹಸಿ ಮರವನ್ನು ನೆರಳಲ್ಲಿ ಅಡ್ಡಪಟ್ಟಿ ಇಟ್ಟು ತಿಂಗಳುಗಟ್ಟಲೆ ಒಣಗಿಸಬೇಕು. ಹಸಿಯಾಗಿಯೇ ಏರಿಸಿದ ಪಕ್ಕಾಸು ತಿರುಚಿಕೊಂಡು ಹಂಚಿನ ನಡುವೆ ಬಾಯಿ ಬಿಡುತ್ತದೆ. ಒಪ್ಪಿದ ವಸ್ತುವಿಗೆ ಬೆಲೆ ಕಟ್ಟಿ ರಸೀದಿ ಕೊಡಬೇಕು, ಅದು ಹಂಚಿನ ಲೆಕ್ಕಕ್ಕೇ ಸೇರಬೇಕು.

ಹಂತದ ಹಣದಲ್ಲಿ ನೂರಕ್ಕೆ ಎಂಬತ್ತು ಬ್ಯಾಂಕಿನಲ್ಲಿ, ಹಂಚು ಮತ್ತು ಮರ ಪೂರ್ತಿ ಅಂಗಳದಲ್ಲಿ ಇರದೆ ಮಾಡು ಬಿಚ್ಚಬಾರದು. ಅಕ್ಟೋಬರ್‌ನಲ್ಲಿ ಸಲಕರಣೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾಡು. ಏಪ್ರಿಲ್ ಸಂಜೆಗಳಲ್ಲಿ ಗುಡುಗುಮಳೆ ಶುರುವಾಗುವ ಮುಂಚೆ ಮೇಲಿನ ಕೆಲಸ ಮುಗಿಯಬೇಕು. ಇಡೀ ಮಾಡು ಒಮ್ಮೆಲೇ ಬಿಚ್ಚದೆ ಒಂದೊಂದು ಅಂಕಣ (ಎರಡು ತೊಲೆಗಳ ನಡುವಿನ ಭಾಗ) ಬಿಚ್ಚಿ ಹೊದೆಸುತ್ತ ಹೋದರೆ, ಹಣ ನಡುವೆ ನಿಂತರೂ ಗೋಡೆ ನೆನೆಯುವುದಿಲ್ಲ.

ಎರಡನೇ ಹಂತದಲ್ಲಿ ನೆಲ, ವೈರಿಂಗ್, ಫ್ಯಾನು, ಇಳಿಜಾರು ದಾರಿ. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಒಂದಕ್ಕೆ ಹನ್ನೆರಡರಂತೆ ಗಾಲಿಕುರ್ಚಿಯ ದಾರಿಗೆ ಹದಿನೆಂಟು ಅಡಿ ಉದ್ದ, ನಾಲ್ಕು ಅಡಿ ಅಗಲ ಜಾಗ ಬೇಕು. ವಾಹನ ನಿಲ್ಲಿಸುವ ಜಾಗ ಗುರುತಿಸುವ ಮುಂಚೆ ಇದನ್ನು ಗುರುತಿಸಿ. ಬೆಂಚು, ಪ್ರಸಂಗಪೀಠ ಕೊನೆಗೆ. ಎಂಟಡಿ ಬೆಂಚಿನಲ್ಲಿ ಆರಾಮವಾಗಿ ಐವರು. ಬೆಂಚಿನ ಬೆಲೆಗೂ ನೂರಕ್ಕೆ ಹತ್ತು ಸೇರಿಸಿ ಕೇಳಿದೆವು, ಆ ಹತ್ತು ದುರಸ್ತಿ ನಿಧಿಗೆ. ಪ್ರತಿ ಮೇ ತಿಂಗಳಲ್ಲಿ ಹಂಚಿನ ಮೇಲಿನ ಎಲೆ ಗುಡಿಸಲು, ಒಡೆದದ್ದು ಬದಲಿಸಲು, ಪಕ್ಕಾಸಿನ ತುದಿಗೆ ಗೆದ್ದಲು ಹತ್ತಿದೆಯೇ ನೋಡಲು ಅದರಿಂದಲೇ ಕೂಲಿ ಕೊಡುತ್ತೇವೆ. ಕಟ್ಟಡ ಖಾತೆಯಲ್ಲಿ ಉಳಿದದ್ದು ಸಾಮಾನ್ಯ ಕೂಟದ ನಿರ್ಣಯವಿಲ್ಲದೆ ಬೇರೆ ಯಾವುದಕ್ಕೂ ಹೋಗುವಂತಿಲ್ಲ ಎಂದು ಮೊದಲ ವಾಗ್ದಾನದ ಕಾರ್ಡಿನ ಹಿಂಬದಿಯಲ್ಲೇ ಅಚ್ಚಾಗಿತ್ತು.