ಹಳೆಯ ಹಾಯಿದೋಣಿಯ ಡೆಕ್ಕಿನೊಳಗೆ ನಿಂತ ನೀರು

ಮಾರಾಟಕ್ಕಿರುವ ಹಳೆಯ ದೋಣಿಯ ಡೆಕ್, ಅಂದರೆ ಓಡಾಡುವ ಮೇಲ್ಹಾಸು, ಹೊಸ ಬಣ್ಣದಲ್ಲಿ ಫಳಫಳಿಸುತ್ತಿದ್ದರೆ ನನಗೆ ಅನುಮಾನ ಜಾಸ್ತಿಯಾಗುತ್ತದೆ. ನಾನು ನೋಡಲು ಹೋದದ್ದು ಮೂವತ್ತು ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ. ನೀರಿನಿಂದ ಮೇಲೆತ್ತಿ ನಿಲ್ಲಿಸಿದ್ದರು. ದೋಣಿ ಪರೀಕ್ಷಿಸುವ ಸರ್ವೇಯರ್‌ಗೆ ದುಡ್ಡು ಕೊಡುವ ಮೊದಲು ನನ್ನ ಮಟ್ಟಿಗೆ ಒಂದು ತಪಾಸಣೆ ಮುಗಿಸಿಬಿಡೋಣ ಅಂತ ಹೊರಟೆ.

ಇಂಥ ಡೆಕ್ಕಿನಲ್ಲಿ ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಮರವೋ ಪ್ಲೈವುಡ್ಡೋ ಇರುತ್ತದೆ. ಭಾರ ಹೆಚ್ಚದೆ ಗಟ್ಟಿಯಾಗಿರಲಿ ಎಂಬುದು ಇದರ ಉದ್ದೇಶ. ಅಂಚಿನ ಬೇಲಿಯ ಕಂಬಿ, ಹಗ್ಗ ಕಟ್ಟುವ ಕ್ಲೀಟ್‌ಗಳ ಬೋಲ್ಟಿನ ಸುತ್ತ ನೀರು ತಡೆಯುವ ಸೀಲೆಂಟ್ ಒಣಗಿ ಬಿಟ್ಟುಕೊಂಡರೆ ನೀರು ಒಳಗಿಳಿಯುತ್ತದೆ, ಆದರೆ ಆರಿಹೋಗಲು ದಾರಿಯಿಲ್ಲ. ಬಾಲ್ಸಾದ ನಾರು ನೆಟ್ಟಗೆ ನಿಲ್ಲುವಂತೆ ಜೋಡಿಸಿರುವುದರಿಂದ ಅಡ್ಡಕ್ಕೆ ನೀರು ನಿಧಾನವಾಗಿ ಹರಡುತ್ತದೆ. ಪ್ಲೈವುಡ್ಡಿನಲ್ಲಿ ಪದರಗುಂಟ ದೂರದವರೆಗೂ ಸಾಗಬಹುದು.

ಚಿಕ್ಕ ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಎರಡು ಮೂರು ಅಂಗುಲಕ್ಕೊಂದರಂತೆ ತಟ್ಟುತ್ತ ಹೋದೆ. ಡೆಕ್ಕಿನ ನಡುಭಾಗದಲ್ಲಿ ಟಣ್ ಟಣ್ ಎಂಬ ಚುರುಕು ಸದ್ದು. ಬದಿಯ ಕಂಬಿಯೊಂದರ ಬುಡಕ್ಕೆ ಬರುತ್ತಿದ್ದಂತೆ ದಬ್ ದಬ್: ಒಳಗಿನ ಮರ ಪದರದಿಂದ ಬಿಟ್ಟುಕೊಂಡಿರುವ ಸುಳಿವು. ಸದ್ದು ಬದಲಾದ ಗೆರೆಯುದ್ದಕ್ಕೂ ಟೇಪ್ ಅಂಟಿಸುತ್ತ ಬಂದಾಗ ಅಂಗೈಯಗಲದ ಜಾಗ ಎಂದುಕೊಂಡದ್ದು ಮೊಳದುದ್ದವಾಯಿತು. ಕೆಳಗೆ ಬಲ್ಕ್‌ಹೆಡ್ (ದೋಣಿಯೊಳಗಿನ ಅಡ್ಡಗೋಡೆ) ತಾಗಿರುವಲ್ಲೂ ಸದ್ದು ಬೇರೆಯಾಗುತ್ತದೆ, ಹಾಗಾಗಿ ಒಳಗೆ ಇಳಿದು ನೋಡಿಕೊಳ್ಳದೆ ತೀರ್ಮಾನಿಸುವಂತಿಲ್ಲ.

ಸುತ್ತಿಗೆಗೆ ಒಂದು ಮಿತಿ ಇದೆ: ಮರ ನೆನೆದಿದ್ದರೂ ಪದರದಿಂದ ಬಿಟ್ಟುಕೊಂಡಿಲ್ಲದಿದ್ದರೆ ಸದ್ದು ಸರಿಯಾಗಿಯೇ ಕೇಳಬಹುದು. ಅದಕ್ಕೇ ತೇವ ಅಳೆಯುವ ಮಾಯಿಶ್ಚರ್ ಮೀಟರ್. ಅದೂ ಹಿಂಭಾಗದ ಲೋಹದ ತಟ್ಟೆ, ನೀರಿನ ಟ್ಯಾಂಕ್, ಮೇಲ್ಮೈಯ ಇಬ್ಬನಿ ಎಲ್ಲಕ್ಕೂ ಮುಳ್ಳು ಏರಿಸುತ್ತದೆ. ನಾನು ಅದರ ಅಂಕಿಯನ್ನು ಅಷ್ಟಾಗಿ ನಂಬುವುದಿಲ್ಲ; ಒಂದು ಜಾಗಕ್ಕೂ ಪಕ್ಕದ ಜಾಗಕ್ಕೂ ಇರುವ ವ್ಯತ್ಯಾಸ ನೋಡುತ್ತೇನೆ. ಇಲ್ಲಿ ಟೇಪಿನ ಗೆರೆಯಾಚೆಗೂ ಮುಳ್ಳು ಇಳಿಯಲಿಲ್ಲ.

ಮಾಲೀಕರ ಒಪ್ಪಿಗೆ ಪಡೆದು ಕಂಬಿಯ ಒಂದು ಬೋಲ್ಟ್ ಬಿಚ್ಚಿದೆ. ಪಕ್ಕದಲ್ಲಿ ನಿಂತು ಕಾಲೂರಿದಾಗ ತೂತಿನಿಂದ ಕಂದು ನೀರು ಉಕ್ಕಿತು. ತಂತಿಯ ಕೊಕ್ಕೆ ಹಾಕಿ ಎಳೆದರೆ ಕಪ್ಪಾದ, ಮೆತ್ತಗಿನ ಮರದ ಪುಡಿ. ಅವರೂ ಸುಮ್ಮನಾದರು.

ಡೆಕ್ಕನ್ನಾದರೂ ಸರಿಮಾಡಬಹುದು: ಮೇಲಿನ ಪದರ ಕತ್ತರಿಸಿ, ಕೊಳೆತದ್ದನ್ನು ತೆಗೆದು, ಹೊಸ ಮರ ಕೂರಿಸಿ ಮತ್ತೆ ಫೈಬರ್‌ಗ್ಲಾಸ್ ಹೊದಿಸುವುದು. ಬೋಲ್ಟಿನ ತೂತುಗಳನ್ನು ಅಗಲವಾಗಿ ಕೊರೆದು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ, ಅದರೊಳಗೇ ಮತ್ತೆ ಕೊರೆದರೆ ಮರಕ್ಕೆ ನೀರು ತಾಗುವುದಿಲ್ಲ. ಬೇಸರದ ಕೆಲಸ, ಅಷ್ಟೆ.

ನನ್ನನ್ನು ತಡೆದದ್ದು ಚೈನ್‌ಪ್ಲೇಟ್. ಹಾಯಿ ಕಟ್ಟುವ ಪಟಸ್ತಂಭವನ್ನು ಬದಿಯಿಂದ ಬಿಗಿಹಿಡಿಯುವ ತಂತಿಗಳು ಕಟ್ಟಿಕೊಳ್ಳುವುದು ಈ ಸ್ಟೀಲ್ ಪಟ್ಟಿಗೇ. ಡೆಕ್ ತೂರಿ ಇಳಿದು ಬಲ್ಕ್‌ಹೆಡ್ಡಿಗೆ ಬೋಲ್ಟಾಗಿರುತ್ತದೆ. ಕಪಾಟಿನ ಹಿಂದೆ ಟಾರ್ಚ್ ಬಿಟ್ಟಾಗ ಪಟ್ಟಿಯ ಕೆಳಗೆ ಪ್ಲೈವುಡ್ ಮೇಲೆ ಕಪ್ಪು ಕಲೆ ಇಳಿದಿತ್ತು. ದಬ್ಬಳ ಒತ್ತಿದರೆ ಸಲೀಸಾಗಿ ಒಳಹೋಯಿತು. ಮೇಲೆ ಕೆಳಗೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್, ಡೆಕ್ಕಿನೊಳಗೆ ಸಿಕ್ಕಿಬಿದ್ದ ಭಾಗದಲ್ಲಿ ನೀರಿದ್ದು ಆಮ್ಲಜನಕ ಸಿಗದಿದ್ದರೆ ಸದ್ದಿಲ್ಲದೆ ಸವೆಯುತ್ತದೆ. ಹೊರತೆಗೆಯದೆ ಅದು ಗೊತ್ತಾಗುವ ಬಗೆಯಿಲ್ಲ.

ಎಲ್ಲ ಚೈನ್‌ಪ್ಲೇಟುಗಳನ್ನೂ ಬಿಚ್ಚಿ ತೋರಿಸಿ, ಆಮೇಲೆ ಬೆಲೆ ಮಾತಾಡೋಣ ಎಂದೆ. ಮಾಲೀಕರು ಒಪ್ಪಲಿಲ್ಲ. ನಾನು ಕೊಳ್ಳಲಿಲ್ಲ.