ಹೊಸ ಮನೆಯ ಗೋಡೆ ಒದ್ದೆ: ಸೋರುವ ಜಾಗ ನಾನು ಹುಡುಕಿದ್ದು ಹೀಗೆ

ಹೊಸ ಮನೆಯ ಗೋಡೆ ಒದ್ದೆಯಾಗಿದೆ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅದು ಕ್ಯೂರಿಂಗ್ ನೀರು, ಒಣಗುತ್ತೆ ಬಿಡಿ." ನನಗೂ ಅದನ್ನೇ ಹೇಳಿದರು. ಪೂರ್ತಿ ಸುಳ್ಳೇನಲ್ಲ. ಕಾಂಕ್ರೀಟು, ಗಾರೆ, ಪ್ಲಾಸ್ಟರ್ ಎಲ್ಲದರಲ್ಲೂ ಕಟ್ಟುವಾಗ ಕಲಸಿದ, ಗಟ್ಟಿಯಾಗಲೆಂದು ಮೇಲೆ ಹಾಕಿದ (ಅದೇ ಕ್ಯೂರಿಂಗ್) ನೀರು ತಿಂಗಳುಗಟ್ಟಲೆ ಉಳಿದಿರುತ್ತದೆ. ಆದರೆ ಆ ತೇವ ಗೋಡೆ ತುಂಬ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ, ದಿನ ಕಳೆದಂತೆ ಇಳಿಯುತ್ತದೆ. ಒಂದೇ ಕಡೆ ಶುರುವಾಗಿ ಹರಡುತ್ತಾ ಹೋದರೆ ಬೇರೆ ಎಲ್ಲಿಂದಲೋ ನೀರು ಬರುತ್ತಿದೆ ಎಂದೇ ಅರ್ಥ.

ನಮ್ಮಲ್ಲಿ ಕಾಣಿಸಿದ್ದು ಮಲಗುವ ಕೋಣೆಯಲ್ಲಿ, ಬಚ್ಚಲಿಗೆ ತಾಗಿದ ಗೋಡೆಯ ಬುಡದಲ್ಲಿ. ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ಸ್ ಪಟ್ಟಿ) ಮೇಲೆ ಪೇಂಟ್ ಉಬ್ಬಿತ್ತು. ಬೆರಳಿಂದ ಒತ್ತಿದರೆ ಪುಟ್ಟಿ ಹಿಟ್ಟಿನ ಹಾಗೆ ಉದುರುತ್ತಿತ್ತು. ಅಂಚಿನಲ್ಲಿ ಬಿಳಿ ಉಪ್ಪು ಎದ್ದಿತ್ತು. ಹತ್ತಿರದಲ್ಲೇ ಪ್ಲಗ್ ಪಾಯಿಂಟ್ ಇದ್ದದ್ದರಿಂದ ಮೊದಲು ಅದಕ್ಕೆ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಆಫ್ ಮಾಡಿದೆ. ಆಮೇಲೆ ಒದ್ದೆಯ ಸುತ್ತ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು, ಫೋಟೋ ತೆಗೆದಿಟ್ಟೆ. ಕೆಲವೇ ದಿನಗಳಲ್ಲಿ ಒದ್ದೆ ಆ ಗೆರೆ ದಾಟಿತು.

ಬಚ್ಚಲ ಟೈಲ್ಸ್ ಸಂದಿಗೆಲ್ಲ ಎಪಾಕ್ಸಿ ಗ್ರೌಟ್ (ನೀರು ಇಳಿಯದ ಅಂಟುಗಾರೆ) ತುಂಬೋಣ ಎಂದರು ಗುತ್ತಿಗೆದಾರರು. ನಾನು ಒಪ್ಪಲಿಲ್ಲ. ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ಮಾಡುವ ರಿಪೇರಿಗೆ ಸುಮ್ನೆ ದುಡ್ಡು ದಂಡ. ಒದ್ದೆ ಕಾಣುವ ಜಾಗವೇ ಸೋರುವ ಜಾಗ ಆಗಿರಬೇಕೆಂದೇನೂ ಇಲ್ಲ. ನೀರು ಪೈಪಿನ ಮೈ ಹಿಡಿದು, ಟೈಲ್ಸ್ ಕೆಳಗಿನ ಮರಳುಗಾರೆಯಲ್ಲಿ ಹರಿದು, ದಾರಿ ಸಿಕ್ಕಲ್ಲಿ ಹೊರಗೆ ಬರುತ್ತದೆ.

ಒದ್ದೆ ಯಾವಾಗ ಜಾಸ್ತಿಯಾಗುತ್ತದೆ ಎನ್ನುವುದೇ ದೊಡ್ಡ ಸುಳಿವು. ಮಳೆ ಬಂದಾಗ ಮಾತ್ರ ಹೆಚ್ಚಿದರೆ ತಾರಸಿ ಅಥವಾ ಹೊರಗೋಡೆ. ಸ್ನಾನ ಆದಮೇಲೆ ಹೆಚ್ಚಿ ಆಮೇಲೆ ಇಳಿದರೆ ಬಚ್ಚಲ ನೆಲ ಇಲ್ಲವೇ ನೀರು ಹೊರಹೋಗುವ ಪೈಪು. ಯಾರೂ ನೀರು ಮುಟ್ಟದೆ ಇದ್ದರೂ ಬೆಳೆಯುತ್ತಲೇ ಇದ್ದರೆ ನಲ್ಲಿಗೆ ನೀರು ತರುವ ಪೈಪಿನ ಮೇಲೆ ಅನುಮಾನ. ಅದರಲ್ಲಿ ಹಗಲು ರಾತ್ರಿ ಒತ್ತಡ ಇರುತ್ತದಲ್ವಾ. ನಮ್ಮದು ಈ ಮೂರನೇ ಥರ.

ಖಚಿತ ಮಾಡಿಕೊಳ್ಳಲು ರಾತ್ರಿ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿದೆ. ಕಮೋಡ್ ಸಿಸ್ಟರ್ನ್‌ಗಳಿಗೆ (ಫ್ಲಶ್ ಟ್ಯಾಂಕ್‌ಗಳಿಗೆ) ನೀರು ಬಿಡುವ ಆಂಗಲ್ ಕಾಕ್‌ಗಳನ್ನೂ ಮುಚ್ಚಿದೆ. ಫ್ಲಶ್ ಒಳಗೊಳಗೇ ಸೋರುತ್ತಿದ್ದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ. ಟ್ಯಾಂಕಿನ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿದೆ. ಬೆಳಗ್ಗೆ ನೀರು ಗುರುತಿಗಿಂತ ಕೆಳಗಿತ್ತು. ಇನ್ನೊಂದು ರಾತ್ರಿ ಗೀಸರಿಗೆ ನೀರು ಹೋಗುವ ವಾಲ್ವನ್ನೂ ಮುಚ್ಚಿಟ್ಟೆ. ಆಗ ಮಟ್ಟ ಇಳಿಯಲಿಲ್ಲ. ಅಲ್ಲಿಗೆ ತಣ್ಣೀರ ಲೈನಿನ ಮೇಲಿನ ಅನುಮಾನ ಹೋಯಿತು, ಬಿಸಿನೀರ ಕಡೆ ಮಾತ್ರ ಉಳಿಯಿತು. ನೀರು ನೇರವಾಗಿ ಮೀಟರಿನಿಂದ ನಲ್ಲಿಗೆ ಬರುವ ಮನೆಯಾದರೆ ಟ್ಯಾಂಕ್ ಹತ್ತುವ ಕೆಲಸವೇ ಇಲ್ಲ. ಎಲ್ಲ ನಲ್ಲಿ ಮುಚ್ಚಿ ಮೀಟರಿನ ಪುಟ್ಟ ಚಕ್ರ ತಿರುಗುತ್ತಿದೆಯಾ ಎಂದು ನೋಡಿದರೆ ಸಾಕು.

ಇಷ್ಟಾದ ಮೇಲೆ ಪ್ಲಂಬರ್ ಕರೆದು ಪ್ರೆಷರ್ ಟೆಸ್ಟ್ ಮಾಡಿಸಿದೆ, ಅಂದರೆ ಪೈಪಿಗೆ ಒತ್ತಡ ಕೊಟ್ಟು ಅದು ನಿಲ್ಲುತ್ತದೆಯಾ ಎಂದು ನೋಡುವುದು. ಗೀಸರ್ ಬಿಚ್ಚಿ, ಬಿಸಿನೀರು ಹೊರಡುವ ಪೈಪಿಗೆ ಕೈಪಂಪು ಮತ್ತು ಗೇಜ್ ಕೂರಿಸಿದರು. ಗೀಸರನ್ನು ಲೈನಿನಲ್ಲೇ ಬಿಟ್ಟು ಈ ಪರೀಕ್ಷೆ ಮಾಡಬಾರದು. ಅದರ ಸೇಫ್ಟಿ ವಾಲ್ವ್ ಒತ್ತಡ ಬಿಟ್ಟುಬಿಡಬಹುದು. 10 ಮೀಟರ್ ಎತ್ತರದ ಟ್ಯಾಂಕ್ ಕೊಡುವ ಒತ್ತಡ ಸುಮಾರು 1 ಬಾರ್. ಅಷ್ಟರಲ್ಲಿ ಸಣ್ಣ ಬಿರುಕಿನಿಂದ ನೀರು ಬರೀ ಜಿನುಗುತ್ತದೆ, ಸದ್ದು ಕೂಡ ಇರುವುದಿಲ್ಲ. 5 ಬಾರ್‌ಗೆ ಏರಿಸಿದೊಡನೆ ಗೇಜಿನ ಮುಳ್ಳು ನಮ್ಮ ಕಣ್ಣೆದುರೇ ಇಳಿಯತೊಡಗಿತು. ತಣ್ಣೀರ ಲೈನಿಗೂ ಹಾಗೇ ಮಾಡಿದೆವು, ಮುಳ್ಳು ನಿಂತಲ್ಲೇ ನಿಂತಿತ್ತು.

ಒಡೆಯುವ ವಿಷಯದಲ್ಲಿ ನನ್ನ ಹಟ ಒಂದೇ ಇತ್ತು: ಬಚ್ಚಲ ಕಡೆಯಿಂದ ಒಡೆಯುವುದು ಬೇಡ. ಟೈಲ್ಸ್ ಒಡೆದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ, ಹಿಂದಿನ ವಾಟರ್‌ಪ್ರೂಫಿಂಗ್ ಕೂಡ ಹಾಳು. ಕೋಣೆಯ ಕಡೆ ಇರುವುದು ಬರೀ ಪ್ಲಾಸ್ಟರ್. ಪ್ಲಾಸ್ಟರ್ ಮಾಡುವ ಮೊದಲು ಗೋಡೆಗೆ ಟೇಪ್ ಹಿಡಿದು ತೆಗೆದಿದ್ದ ಪೈಪಿನ ಫೋಟೋಗಳು ನನ್ನ ಹತ್ತಿರ ಇದ್ದವು. ಅಳತೆ ನೋಡಿ, ಬಿಸಿನೀರು ತಣ್ಣೀರು ಬೆರೆಸುವ ಡೈವರ್ಟರ್‌ನ ಹಿಂಭಾಗಕ್ಕೆ ಸರಿಯಾಗಿ ಕಿಟಕಿಯಂತೆ ಚೌಕ ಕೊರೆಸಿದೆ. ಗೋಡೆ ದಪ್ಪಗಿದ್ದರೂ ಇಟ್ಟಿಗೆ ತೆಗೆದದ್ದು ಅಷ್ಟಗಲ ಮಾತ್ರ.

ತಪ್ಪು ಅಲ್ಲೇ ಇತ್ತು. ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು ಹಿತ್ತಾಳೆಯ ತಿರುಪುಮರೆಗೆ ಸೇರುವ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಜೋಡಣೆ. ಒಣಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಿಡಿದಾಗ ಮೈಮೇಲೆ ಕೂದಲೆಳೆಯಷ್ಟು ಗೆರೆ. ನೋಡುತ್ತಿದ್ದ ಹಾಗೆ ಆ ಗೆರೆಯ ಉದ್ದಕ್ಕೂ ನೀರಿನ ಮಣಿಗಳು ಮೂಡಿದವು. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿ, ಸ್ಪ್ಯಾನರಿನಿಂದ ಅತಿಯಾಗಿ ಬಿಗಿದಿದ್ದರು. ಹಾಗೆ ಬಿಗಿದರೆ ಹಿತ್ತಾಳೆಗೆ ಏನೂ ಆಗುವುದಿಲ್ಲ, ಸುತ್ತಲಿನ ಪ್ಲಾಸ್ಟಿಕ್ ಸೀಳುತ್ತದೆ. ಬಿಸಿ ಆದಾಗ ಹಿಗ್ಗಿ, ತಣಿದಾಗ ಕುಗ್ಗಿ ಬಿರುಕು ದೊಡ್ಡದಾಗುತ್ತದೆ.

ಹೊಸ ಎಲ್ಬೋ ಹಾಕಿ, ಪೈಪು ಅಂಟಿಸುವ ಸಾಲ್ವೆಂಟ್ ಸಿಮೆಂಟ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಮತ್ತೆ 5 ಬಾರ್ ಟೆಸ್ಟ್ ಮಾಡಿಸಿದೆ. ಮುಳ್ಳು ಅಲುಗಲಿಲ್ಲ. ಆಗಲೂ ಗೋಡೆ ಮುಚ್ಚಲು ಬಿಡಲಿಲ್ಲ. ಜೊತೆಗೆ ಬಚ್ಚಲ ನೆಲವನ್ನೂ ನೋಡಿಬಿಡೋಣ ಎಂದು ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಬಾಯಿ ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ, ಒಂದಿಷ್ಟು ಬಣ್ಣ ಬೆರೆಸಿ 24 ಗಂಟೆ ಬಿಟ್ಟೆ. ಬಣ್ಣ ಎಲ್ಲೂ ಹೊರಬರಲಿಲ್ಲ. ಗೋಡೆಯೊಳಗೆ ಎರಡನೇ ಸೋರಿಕೆ ಇದೆಯೋ ಇಲ್ಲವೋ ಎಂದು ತಿಳಿಯಲು ಇಷ್ಟು ಒಳ್ಳೆಯ ಸಮಯ ಇನ್ನೊಮ್ಮೆ ಸಿಗುವುದಿಲ್ಲ.

ಎಲ್ಲರೂ ಅವಸರ ಮಾಡುವುದು ಒಣಗಿಸುವುದರಲ್ಲೇ. ಉಬ್ಬಿದ ಪುಟ್ಟಿ, ಸಡಿಲ ಪ್ಲಾಸ್ಟರ್ ಎಲ್ಲ ಕೆರೆದು ತೆಗೆಸಿದೆ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಫ್ಯಾನ್ ಹಚ್ಚಿ, ಕಿಟಕಿ ತೆಗೆದು ವಾರಗಟ್ಟಲೆ ಹಾಗೇ ಬಿಟ್ಟೆವು. ಒಣಗಿತೇ ಎಂದು ನೋಡಲು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿದೆ. ಮಾರನೇ ದಿನ ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ ಎಂದರ್ಥ. ಹನಿ ಕಾಣುವುದು ನಿಂತ ಮೇಲೆಯೇ ಪ್ಲಾಸ್ಟರ್ ಹಾಕಿಸಿ, ಅದು ಒಣಗಿದ ಮೇಲೆ ಪೇಂಟ್ ಮಾಡಿಸಿದೆ.

ಗುತ್ತಿಗೆದಾರರ ಜೊತೆ ಜಗಳ ಆಗಲಿಲ್ಲ. ತಾರೀಕಿನ ಗೆರೆ, ಗೇಜಿನ ವಿಡಿಯೋ, ಸೀಳಿದ ಎಲ್ಬೋ ಮುಂದಿಟ್ಟೆ. ಖರ್ಚು ಅವರೇ ಕೊಟ್ಟರು. ಅದೇ ಕೈಗಳು ಹಾಕಿದ ಇನ್ನೊಂದು ಬಚ್ಚಲ ಬಿಸಿನೀರ ಲೈನಿಗೂ ಪ್ರೆಷರ್ ಟೆಸ್ಟ್ ಮಾಡಿಸಿಕೊಡಲು ಒಪ್ಪಿದರು.