ಬಿರುಗಾಳಿಯ ದಿನ ಮಂಗಳದಿಂದ ಎಷ್ಟು ಗಾಳಿ ಹೋಯ್ತು? ನಾನು ಲೆಕ್ಕ ಹಾಕಿದ ಬಗೆ

ಸೌರಮಾರುತ, ಅಂದರೆ ಸೂರ್ಯನಿಂದ ಹರಿದುಬರುವ ಚಾರ್ಜ್ ಇರುವ ಕಣಗಳ ಹೊಳೆ, ಮಂಗಳದ ವಾತಾವರಣವನ್ನು ಸೆಕೆಂಡಿಗೆ ಸುಮಾರು 100 ಗ್ರಾಂನಂತೆ ಹೊತ್ತೊಯ್ಯುತ್ತಿದೆ ಎಂದು ನಾಸಾ ಮಂಗಳಕ್ಕೆ ಕಳಿಸಿದ ಮೇವನ್ ನೌಕೆಯ ತಂಡ 2015ರಲ್ಲಿ ಹೇಳಿತು. ಅದೇ ವರ್ಷ ಮಾರ್ಚ್ 8ರಂದು ದೊಡ್ಡ ಸೌರ ಬಿರುಗಾಳಿ ಬಡಿದಾಗ ಇದು ಹತ್ತು ಪಟ್ಟಾದರೂ ಏರಿರಬೇಕು ಅನ್ನೋದು ಅವರ ಮಾದರಿಗಳ ಅಂದಾಜು. ಮೇವನ್ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನೇ ಬಿಡಿಸಿ ನೋಡೋಣ ಅಂತ ಕೂತೆ.

ಬೇಕಾಗಿದ್ದು ಮುಖ್ಯವಾಗಿ ನೌಕೆಯಲ್ಲಿರುವ ಸ್ಟ್ಯಾಟಿಕ್ ಉಪಕರಣದ ಫೈಲುಗಳು. ಅದು ಒಳಬಂದ ಅಯಾನಿನ (ಚಾರ್ಜ್ ಇರುವ ಪರಮಾಣು ಅಥವಾ ಅಣು) ಶಕ್ತಿ ಅಳೆಯುತ್ತದೆ. ಪುಟ್ಟ ದೂರ ದಾಟಲು ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದರಿಂದ ತೂಕ ಗೊತ್ತಾಗುತ್ತದೆ. 16 ಬಂದರೆ ಆಕ್ಸಿಜನ್ ಪರಮಾಣು, 32 ಬಂದರೆ ಆಕ್ಸಿಜನ್ ಅಣು, 44 ಬಂದರೆ ಕಾರ್ಬನ್ ಡೈಆಕ್ಸೈಡ್.

ಮೇಲಕ್ಕೆ ಹೋಗುವುದೆಲ್ಲ ತಪ್ಪಿಸಿಕೊಂಡಂತೆ ಅಲ್ಲ. ಮಂಗಳದ ಹಿಡಿತ ಬಿಡಿಸಿಕೊಳ್ಳಲು ಸೆಕೆಂಡಿಗೆ 5 ಕಿ.ಮೀ. ವೇಗ ಬೇಕು. ಆಕ್ಸಿಜನ್ ಪರಮಾಣುವಿಗೆ ಅದು ಸುಮಾರು 2 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ). ನೌಕೆಯ ಮೈಮೇಲೆಯೇ ಕೆಲವು ವೋಲ್ಟ್ ಚಾರ್ಜ್ ಕೂರುತ್ತದೆ, ಅಯಾನಿನ ಶಕ್ತಿ ಅಷ್ಟರಮಟ್ಟಿಗೆ ಏರುಪೇರಾಗಿ ಕಾಣುತ್ತದೆ. ಹಾಗಾಗಿ ಮೊದಲು ಅದನ್ನು ಸರಿಪಡಿಸಿ, ಆಮೇಲೆ 2ರ ಗೆರೆ ಎಳೆದೆ.

ನಿಜವಾದ ತಲೆನೋವು ಮುಂದಿದೆ. ಬಿರುಗಾಳಿ ಬಂದ ದಿನವೇ ಉಪಕರಣದ ಕಣ್ಣು ಜಾಸ್ತಿ ಮಸುಕು! ಸೂರ್ಯನಿಂದ ಬಂದ ಪ್ರೋಟಾನುಗಳು (ಹಗುರವಾದ ಹೈಡ್ರೋಜನ್ ಅಯಾನುಗಳು) ವಿಪರೀತ ಆದಾಗ, ಅವುಗಳಲ್ಲಿ ಕೆಲವು ತಡವಾಗಿ ದಾಟಿ ಭಾರದ ಅಯಾನುಗಳ ಖಾನೆಯಲ್ಲಿ ಎಣಿಕೆಯಾಗುತ್ತವೆ. ಸುಮ್ನೆ ಕೂಡಿಸಿದರೆ ಆಕ್ಸಿಜನ್ ಪ್ರವಾಹವೇ ಹರಿದಂತೆ ಕಾಣುತ್ತದೆ. ಗ್ರಾಫಿನಲ್ಲಿ ಎರಡಕ್ಕೂ ವ್ಯತ್ಯಾಸ ಇದೆ: ಪ್ರೋಟಾನಿನ ನೆರಳು ನಿಧಾನಕ್ಕೆ ಇಳಿಯುವ ಬಾಲ, ನಿಜವಾದ ಆಕ್ಸಿಜನ್ 16ರಲ್ಲಿ, 32ರಲ್ಲಿ ಎದ್ದು ನಿಂತ ಉಬ್ಬು. ಬಾಲದ ಆಕಾರ ಹಿಡಿದು ಕಳೆದೆ. ಉಬ್ಬು ಇಲ್ಲದ ಕಡೆ ಎಣಿಕೆ ಎಷ್ಟೇ ಇರಲಿ, ಸೊನ್ನೆ ಅಂತ ಬರೆದೆ.

ಇಷ್ಟಾದ ಮೇಲೂ ಇಡೀ ಗ್ರಹದ ಲೆಕ್ಕ ಸಿಗುವುದಿಲ್ಲ. ನೌಕೆ ಇರುವುದು ಒಂದೇ, ಆಗ ಅದರ ಒಂದು ಸುತ್ತಿಗೆ ನಾಲ್ಕೂವರೆ ಗಂಟೆ. ಶಾಂತ ದಿನಗಳಾದರೆ ತಿಂಗಳುಗಟ್ಟಲೆ ಸುತ್ತುಗಳನ್ನು ಸೇರಿಸಿ ನಕ್ಷೆ ತುಂಬಿಸಬಹುದು. ಬಿರುಗಾಳಿಗೆ ಸಿಗುವುದು ಕೆಲವೇ ಸುತ್ತು. ಅಷ್ಟರಲ್ಲಿ ಸೌರಮಾರುತದ ಕಾಂತಕ್ಷೇತ್ರವೂ ದಿಕ್ಕು ಬದಲಿಸುತ್ತದೆ, ಅದರ ಜೊತೆಗೆ ಅಯಾನುಗಳನ್ನು ಎಳೆಯುವ ವಿದ್ಯುತ್ ಕ್ಷೇತ್ರವೂ ತಿರುಗುತ್ತದೆ. ಅದಕ್ಕೇ ನಾನು ಒಟ್ಟು ಗ್ರಾಂ ಲೆಕ್ಕ ಬಿಟ್ಟೆ. ಒಂದೇ ಎತ್ತರ, ಒಂದೇ ದಿಕ್ಕಿನ ಜಾಗದಲ್ಲಿ ಶಾಂತ ದಿನಕ್ಕೂ ಬಿರುಗಾಳಿ ದಿನಕ್ಕೂ ಎಷ್ಟು ಪಟ್ಟು ವ್ಯತ್ಯಾಸ ಅಂತ ಮಾತ್ರ ನೋಡಿದೆ. ಏರಿಕೆ ಸ್ಪಷ್ಟವಾಗಿಯೇ ಇತ್ತು.

ಇದರಲ್ಲಿ ಚಾರ್ಜ್ ಇಲ್ಲದ ಪರಮಾಣುಗಳು ಸೇರಿಲ್ಲ, ಸ್ಟ್ಯಾಟಿಕ್‌ಗೆ ಅವು ಕಾಣುವುದೇ ಇಲ್ಲ. ಅದು ಸಣ್ಣ ಪಾಲಲ್ಲ. ಮಂಗಳದ ಆರ್ಗಾನ್‌ನಲ್ಲಿ ಮೂರನೇ ಎರಡರಷ್ಟು ಹೋಗಿದೆ ಎಂದು 2017ರಲ್ಲಿ ಮೇವನ್ ತಂಡ ಲೆಕ್ಕ ಹಾಕಿತು. ಆರ್ಗಾನ್ ಕಲ್ಲಿನ ಜೊತೆ ಬೆರೆಯುವ ಅನಿಲ ಅಲ್ಲ, ಅಲ್ವಾ? ಹಾಗಾಗಿ ಅದು ಹೋಗಿದ್ದು ಬಾಹ್ಯಾಕಾಶಕ್ಕೇ. ಎಳೆದೊಯ್ದ ಅಯಾನುಗಳಲ್ಲಿ ಕೆಲವು ತಿರುಗಿ ಬಂದು ವಾತಾವರಣಕ್ಕೇ ಗುದ್ದಿ ಆರ್ಗಾನನ್ನು ಹೊರಗೆ ಚಿಮ್ಮಿಸಿವೆ. ಹಾಗೆ ಒಳಮುಖವಾಗಿ ಬೀಳುವ ಅಯಾನುಗಳು ಇದೇ ಫೈಲುಗಳಲ್ಲಿವೆ. ಈಗ ಅವುಗಳನ್ನು ಎಣಿಸುತ್ತಿದ್ದೇನೆ.